ಊರು ಉಳಿಸಿದ ಕಂಠ ನನ್ನದಲ್ಲ

ರೇಡಿಯೋ ಕೇಂದ್ರದ ಇತಿಹಾಸ ಬರೆಸಿದ ನಿರ್ದೇಶಕರಿಗೆ,

ಮಾನ್ಯರೇ,

ನಮ್ಮೂರ ರೇಡಿಯೋ ಕೇಂದ್ರಕ್ಕೆ ನಲವತ್ತು ತುಂಬಿದ ನೆಪದಲ್ಲಿ ತಾವು ಹೊರತಂದ ಇತಿಹಾಸದಲ್ಲಿ ನನ್ನನ್ನು ವೀರನನ್ನಾಗಿ ಮಾಡಿದ್ದೀರಿ. ಇದೇ ನನ್ನ ದೂರು. ‘ಊರು ಉಳಿಸಿದ ಕಂಠ’ ಎಂಬ ಶೀರ್ಷಿಕೆ, ಕೆಳಗೆ ನನ್ನ ಫೋಟೊ; ಸಾಲದೆಂದು ಹೊಸ ಸ್ಟುಡಿಯೊಗೂ ನನ್ನದೇ ಹೆಸರು. ಓದಿದ ನನ್ನ ಹೆಂಡತಿ, “ಇದ್ಯಾರ್ರೀ, ನೋಡೋಕೆ ನಿಮ್ಮ ಹಾಗೇ ಇದಾರೆ?” ಎಂದಳು.

ಕೇಂದ್ರ ಶುರುವಾದದ್ದು ಅಂಚೆ ಕಚೇರಿಯ ಮೇಲಿನ ಎರಡು ಕೋಣೆಗಳಲ್ಲಿ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ ಅದನ್ನೇ ಸ್ಟುಡಿಯೊ ಎಂದು ಕರೆದೆವು. ಕೆಳಗೆ ಅಂಚೆಯವರು ಮುದ್ರೆ ಗುದ್ದುವ ಸದ್ದು ವಾರ್ತೆಯ ನಡುವೆ ಕೇಳಿಸುತ್ತಿತ್ತು. ಕೇಳುಗರು ಅದನ್ನು ಪೂರ್ಣವಿರಾಮವೆಂದು ತಿಳಿದಿದ್ದರು. ಇದೊಂದೂ ತಮ್ಮ ಪುಸ್ತಕದಲ್ಲಿಲ್ಲ. ಗಣ್ಯರ ಶುಭಾಶಯಗಳಿಗೇ ಒಂಬತ್ತು ಪುಟ ಹೋದ ಮೇಲೆ ಜಾಗ ಎಲ್ಲಿಂದ ಬರಬೇಕು? ನಾನೋ, ಮನೆಯಲ್ಲಿ ಉಪ್ಪು ಕೇಳುವಾಗಲೂ ವಾರ್ತೆ ಓದುವ ದನಿಯವನು. ನನ್ನ ಕಂಠಕ್ಕೆ ನಾನೇ ಮೊದಲ ಅಭಿಮಾನಿ, ಪ್ರಾಯಶಃ ಕೊನೆಯವನೂ.

ಏಳನೆಯ ವರ್ಷದ ಒಂದು ಮಧ್ಯಾಹ್ನ ಕೇಂದ್ರದಲ್ಲಿದ್ದವರು ನಾನು ಮತ್ತು ಕಸ ಗುಡಿಸುವ ಅಕ್ಕ, ಇಬ್ಬರೇ. ಫೋನ್ ಎತ್ತಿದವಳು ಅವಳು. “ಸಾರ್, ನೀರು ಶುದ್ಧಿ ಮಾಡೋ ಕಡೆಯಿಂದ ನನ್ನ ಮೈದುನ ಮಾತಾಡಿದ. ಕ್ಲೋರಿನ್ ಸೋರ್ತಿದೆಯಂತೆ, ಗಾಳಿ ಕೆಳಪೇಟೆ ಕಡೆಗಿದೆ. ಬೇಗ ಹೇಳಿ!”

ನಾನು ಹೇಳಿದೆನೇ? ಅನುಮತಿಗಾಗಿ ತಮ್ಮ ಕಚೇರಿಗೆ ಫೋನ್ ಮಾಡಿದೆ. “ಸಾಹೇಬ್ರು ಊಟಕ್ಕೆ ಹೋಗಿದಾರೆ, ಬರೆದು ಕಳ್ಸಿ” ಎಂದರು. ಬರೆಯಲು ಕೂತೆ. ‘ಸಾರ್ವಜನಿಕರ ಅವಗಾಹನೆಗೆ’ ಎಂದು ಬರೆದು ಹೊಡೆದುಹಾಕಿದೆ. ‘ಗಮನಕ್ಕೆ’ ಎಂದೆ. ಅದೂ ಸಪ್ಪೆ ಎನಿಸಿತು. ಅತ್ತ ಊರು ಉಸಿರುಗಟ್ಟಲಿದ್ದಾಗ ಇತ್ತ ನಾನು ಪದ ಹೆಕ್ಕುತ್ತಿದ್ದೆ, ಮಾನ್ಯರೇ.

ಅಕ್ಕ ಪೊರಕೆ ಕೆಳಗಿಟ್ಟಳು, ತಿರುಗುತ್ತಿದ್ದ ಹಾಡಿನ ತಟ್ಟೆಯ ಮುಳ್ಳೆತ್ತಿದಳು, ಮೈಕು ಎಳೆದುಕೊಂಡಳು. “ಕೆಳಪೇಟೆಯವ್ರೇ, ನಾನು ರೇಡಿಯೋದಲ್ಲಿ ಕಸ ಗುಡಿಸೋಳು. ವಿಷದ ಗಾಳಿ ಬರ್ತಿದೆ. ಒದ್ದೆ ಬಟ್ಟೆ ಮೂಗಿಗೆ ಹಿಡ್ಕೊಳ್ಳಿ, ಮಕ್ಕಳನ್ನ ಎತ್ಕೊಳ್ಳಿ, ಶಾಲೆ ದಿಬ್ಬ ಹತ್ತಿ. ಪಕ್ಕದ್ಮನೆ ಅಜ್ಜೀನ ಬಿಟ್ಟು ಬರ್ಬೇಡಿ!” ಇದನ್ನೇ ಎಂಟು ಸಲ ಹೇಳಿದಳು. ನಡುವೆ ಇನ್ನೊಂದು ದನಿಯೂ ಪ್ರಸಾರವಾಯಿತು: “ಏಯ್, ಮೈಕ್ ಬಿಡು! ಅದು ನಿನ್ನ ಕೆಲಸ ಅಲ್ಲ!” ಊರು ಉಳಿಸಿದ ಆ ಪ್ರಸಾರಕ್ಕೆ ನನ್ನ ಕೊಡುಗೆ ಅಷ್ಟೇ.

ಒಂದು ಜೀವವೂ ಹೋಗಲಿಲ್ಲ. ಮರುದಿನ ಊರೆಲ್ಲ ಅವಳನ್ನೇ ವಿಚಾರಿಸತೊಡಗಿತು. ನನ್ನನ್ನು ಒಬ್ಬರೂ ಕೇಳದ್ದು ನನಗೆ ಸಹಿಸಲಾಗಲಿಲ್ಲ. ‘ಅನುಮತಿಯಿಲ್ಲದೆ ಮೈಕು ಬಳಸಿದ ದುರ್ನಡತೆ’ ಎಂದು ತಮ್ಮ ಕಚೇರಿಗೆ ದೂರು ಬರೆದೆ. ಆ ಪತ್ರಕ್ಕೆ ಮಾತ್ರ ಪದಗಳು ತಡಬಡಾಯಿಸಲಿಲ್ಲ. ವಾರದೊಳಗೆ ತಮ್ಮ ಕಚೇರಿ ಅವಳನ್ನು ವಜಾ ಮಾಡಿತು. ವರ್ಷಗಳು ಕಳೆದಂತೆ ಜನ “ರೇಡಿಯೋದವ್ರು ಉಳಿಸಿದ್ರು” ಎನ್ನತೊಡಗಿದರು. ಮೊದಮೊದಲು ನಾನಲ್ಲ ಎಂದೆ. ಆಮೇಲೆ ಸುಮ್ಮನಾದೆ. ಕೊನೆಗೆ ತಲೆಯಾಡಿಸಿದೆ.

ಹೋದ ವಾರ ಪುಸ್ತಕ ಹಿಡಿದು ಅವಳಲ್ಲಿಗೆ ಹೋದೆ. ಬಸ್ ನಿಲ್ದಾಣದ ಹಿಂದೆ ಇಸ್ತ್ರಿ ಅಂಗಡಿ ಇಟ್ಟಿದ್ದಾಳೆ. ಪೆಟ್ಟಿಗೆ ಬದಿಗಿಟ್ಟು, ಸಾಲುಗಳ ಮೇಲೆ ಬೆರಳಿಟ್ಟು ಓದಿದಳು. “ಫೋಟೊ ಚೆನ್ನಾಗಿ ಬಂದಿದೆ ಸಾರ್.”

“ಸರಿ ಮಾಡಿಸ್ತೀನಿ. ನಿನ್ನ ಹೆಸರು ಹಾಕಿಸ್ತೀನಿ.”

“ಹೆಸರು ಕಟ್ಕೊಂಡು ಏನ್ ಮಾಡ್ಲಿ? ವಜಾ ಕಾಗದದಲ್ಲಿ ‘ದುರ್ನಡತೆ’ ಅಂತಿದೆ. ಅದನ್ನ ನೋಡಿ ಆಸ್ಪತ್ರೆಯವ್ರೂ ಕೆಲ್ಸ ಕೊಡ್ಲಿಲ್ಲ. ನನ್ ಮಗಳು ಕೇಳಿದ್ಲು, ‘ಅಮ್ಮಾ, ಏನ್ ತಪ್ಪು ಮಾಡಿದ್ದೆ?’ ಅಂತ. ಆಗೋದಾದ್ರೆ ಆ ಒಂದು ಪದ ತೆಗೆಸಿ.”

ಆ ಪದ ನನ್ನದು, ಮಾನ್ಯರೇ. ಅದನ್ನು ನಾನೇ ಬರೆದದ್ದೆಂದು ಅವಳಿಗೆ ಅಲ್ಲೇ ಹೇಳಿದೆ. ಅವಳು ಇಸ್ತ್ರಿಗೆ ಇನ್ನೊಂದು ಅಂಗಿ ಎತ್ತಿಕೊಂಡಳು.

ಆದ್ದರಿಂದ ಆ ವಜಾ ಆದೇಶ ರದ್ದಾಗಬೇಕು, ಆ ಪದ ತಪ್ಪೆಂದು ತಮ್ಮ ಕಚೇರಿ ಲಿಖಿತವಾಗಿ ಒಪ್ಪಬೇಕು. ಸ್ಟುಡಿಯೊ ಬಾಗಿಲಿನಿಂದ ನನ್ನ ಹೆಸರನ್ನು ಕೆರೆದು ಹಾಕಿ, ಬಾಗಿಲಿಗಾದರೂ ಮಾನವಿರಲಿ. ಉದ್ಘಾಟನೆಯ ದಿನ ನನ್ನ ಐದು ನಿಮಿಷದ ಭಾಷಣ ನೇರ ಪ್ರಸಾರವಾಗಲಿದೆ ಎಂದು ಆಮಂತ್ರಣ ಹೇಳುತ್ತದೆ. ಅಷ್ಟರೊಳಗೆ ಆದೇಶ ಹೊರಡದಿದ್ದರೆ ಅಂದು ನನ್ನ ಆ ಹಳೆಯ ದೂರಿನ ಪತ್ರದ ಪ್ರತಿಯನ್ನೇ ಓದುತ್ತೇನೆ: ಬರೆದವನ ಹೆಸರಿನ ಸಮೇತ, ಒಪ್ಪಿ ಸಹಿ ಹಾಕಿದವರ ಹುದ್ದೆಯ ಸಮೇತ.

ಇಂತಿ,
ನಾಚಿಕೆ ತಡವಾಗಿ ತಲುಪಿದ
ನಿವೃತ್ತ ಉದ್ಘೋಷಕ