ಶೋಕದ ದಿನಕ್ಕೆ ಮದುವೆಯ ಧಾಟಿ

ಸಿಯಾಲ್ದಾ, ಕೋಲ್ಕತ್ತಾ
೨೦ ಆಗಸ್ಟ್ ೨೦೦೬

ಹಯವದನಣ್ಣನಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಏಳಲಿಲ್ಲ. ಗಂಟಲು ಹೇಗಿದೆ? ಚೆನ್ನಾಗಿಯೇ ಇರುತ್ತದೆ, ಅದನ್ನು ಬಿಟ್ಟು ನೀನು ಬೇರೇನನ್ನೂ ಜೋಪಾನ ಮಾಡಿದ್ದು ನಾನು ಕಂಡಿಲ್ಲ. ಅತ್ತಿಗೆಯ ಮಂಡಿನೋವಿನ ಸಮಾಚಾರವನ್ನು ಅವರನ್ನೇ ಕೇಳಿಕೊಳ್ಳುತ್ತೇನೆ.

ನಿನ್ನ ಕಾಗದ ಬಂತು. ನನ್ನ ಮಾವನವರ ಹಾಡುಗಳನ್ನು ಸಿ.ಡಿ. ಮಾಡಿಸುತ್ತೀಯಂತೆ, ಜೊತೆಗೆ ಮೃದಂಗ ಸೇರಿಸುತ್ತೀಯಂತೆ. ಇಲ್ಲಿ ಏನು ಮಾಡಿಹೋದೆ ಎಂಬುದು ನೆನಪಿದೆಯೇ? ನನ್ನ ಮಗಳು ಸ್ಫೂರ್ತಿಯ ಆಫೀಸಿನವರು ಸೆಕ್ಟರ್ ಫೈವ್‌ನಲ್ಲಿ ನಿನ್ನ ಹಾಡುಗಾರಿಕೆ ಇಟ್ಟುಕೊಂಡರೆಂದು ಬಂದವನು ನಮ್ಮಲ್ಲಿ ಹತ್ತು ದಿನ ಇದ್ದೆ. ದಿನಾ ಮಧ್ಯಾಹ್ನ ಮಾವನವರ ಪಕ್ಕ ಕೂತು ಅವರ ಯಹೂದಿ ಪ್ರಾರ್ಥನೆಗಳನ್ನೆಲ್ಲ ಕಲಿತೆ. ನೀನು ಕಾಡಿದ್ದಕ್ಕೇ ಅವರು ತಮ್ಮ ಮದುವೆಯ ಹಾಡನ್ನೂ ಹೇಳಿದ್ದು. ಅತ್ತೆ ಹೋದಮೇಲೆ ಒಂಬತ್ತು ವರ್ಷ ಅದು ಅವರ ಬಾಯಿಂದ ಬಂದಿರಲಿಲ್ಲ.

ಆಮೇಲೆ ಆ ಉಪವಾಸದ ಬೆಳಿಗ್ಗೆ. ಜೆರೂಸಲೇಮಿನ ದೇವಾಲಯ ಬಿದ್ದುದಕ್ಕೆ ಅಳುವ ದಿನವಿದು, ನೆಲದ ಮೇಲೆ ಕೂತು ಶೋಕದ ಹಾಡುಗಳನ್ನಷ್ಟೇ ಹೇಳುತ್ತಾರೆ ಎಂದು ನಾನೇ ನಿನಗೆ ಹೇಳಿದ್ದೆ. ಆದರೂ ಅಡಿಗೆಮನೆಯಲ್ಲಿ ಸ್ಫೂರ್ತಿಗೆ, “ಆ ಅಳುಮುಂಜಿ ಧಾಟಿ ಯಾಕೆ ಪುಟ್ಟಿ? ಮಾತು ಅದೇ ಇರ್ಲಿ, ಮದುವೆ ಹಾಡಿನ ಧಾಟೀಲಿ ಹಾಡು. ತಾತ ಖುಷಿಪಡ್ತಾರೆ” ಎಂದೆ. ಹುಡುಗಿ ನಂಬಿ, ತಾತನ ಎದುರು ಕೂತು ಶೋಕದ ಹಾಡನ್ನು ಆ ಧಾಟಿಯಲ್ಲೇ ಎತ್ತಿಕೊಂಡಳು. ಎರಡು ಸಾಲು ಆಗಿತ್ತಷ್ಟೆ, ಮಾವನವರು ಕೈಯೆತ್ತಿ “ಥಾಕ್ ಮಾ, ಥಾಕ್” ಎಂದರು, ಸಾಕು ಬಿಡಮ್ಮ ಎಂದು. ಏಳಲು ಹೋದರು, ಆಗಲಿಲ್ಲ. ನಮ್ಮ ಯಜಮಾನರೇ ಎತ್ತಿಕೊಂಡು ಹೋಗಿ ಮಲಗಿಸಿದರು. ನೀನು ನನ್ನ ಕಡೆ ತಿರುಗಿ, “ರಾಗ ಚೆನ್ನಾಗಿದ್ರೆ ಸಾಕಲ್ವೇನೆ, ಯಾವ ದಿನ ಆದ್ರೇನು?” ಎಂದು ನಕ್ಕೆ. ಎಂಬತ್ನಾಲ್ಕರ ಆ ಮುದುಕರು ಒಳಗೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದರೆ ನೀನು ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಿದ್ದೆ. ನಮ್ಮಪ್ಪ ಸತ್ತ ದಿನ ಯಾರಾದರೂ ಬಾಗಿಲಲ್ಲಿ ಓಲಗ ಊದಿಸಿದ್ದರೆ ತಾಳ ಹಾಕುತ್ತಿದ್ದೆಯಾ?

ಸ್ಫೂರ್ತಿ ಅಂದಿನಿಂದ ಹಾಡಿಲ್ಲ. ತಪ್ಪು ತನ್ನದೇ ಎಂದು ತಾತನ ಎದುರಿಗೆ ಬರುವುದಿಲ್ಲ. ಆಫೀಸಿನ ಕ್ಯಾಬಿಗೆ ಅರ್ಧ ಗಂಟೆ ಮೊದಲೇ ಕೆಳಗಿಳಿದು ನಿಲ್ಲುತ್ತಾಳೆ. ನಿನ್ನ ಸಿ.ಡಿ.ಗೆ ನಮ್ಮ ಒಪ್ಪಿಗೆ ಇಲ್ಲ. ಇನ್ನೊಮ್ಮೆ ಕೇಳಬೇಡ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನಗೆ ಏನೂ ಇಲ್ಲ.

ಲೀಲಾ

ವಿ.ಸೂ.: ಲಕೋಟೆ ಅಂಟಿಸುವಾಗ ಮಾವನವರು ಕಾಗದ ಯಾರಿಗೆಂದು ಕೇಳಿದರು, ಹೇಳಿದೆ. ಮುಂದಿನ ತಿಂಗಳು ನಮ್ಮ ಯಹೂದಿ ಹೊಸವರ್ಷ, ಅದರ ಹಿಂದೆಯೇ ಪ್ರಾಯಶ್ಚಿತ್ತದ ಉಪವಾಸ, ಅವನನ್ನು ಕರೆಸು ಎನ್ನುತ್ತಾರೆ. ಇಷ್ಟು ಹಾಡು ಹಿಡಿದಿಟ್ಟುಕೊಳ್ಳುವ ಕಿವಿ ತಮ್ಮವರಲ್ಲಿ ಇನ್ನು ಯಾರಿಗೂ ಇಲ್ಲವಂತೆ. ಯಾವ ಹಾಡು ಯಾವ ದಿನಕ್ಕೆ ಎಂಬುದನ್ನೇ ಈ ಸಲ ಮೊದಲು ಹೇಳಿಕೊಡುತ್ತಾರಂತೆ. ಇದು ಅವರ ಮಾತು, ನನ್ನದಲ್ಲ. ಬರುವುದಾದರೆ ರೈಲಿನ ಸಮಯ ನಮ್ಮ ಯಜಮಾನರಿಗೆ ತಿಳಿಸು. ನನಗೆ ಬರೆಯಬೇಡ.