ಶಿಕ್ಕಾದೊಳಗಿನ ಹೆಣ್ಣುಮಗಳು

ಸ್ಟೇಶನ್ ಬಜಾರ, ಕಲಬುರ್ಗಿ
ಮೇ ೧೯೨೬

ಜಗದೇವಣ್ಣಾ,

ಅವ್ವ ಒಪ್ಪಿಬಿಟ್ಟಳು! ನಿನ್ನ ಮಗಳು ನೀಲಮ್ಮ ಹೈದರಾಬಾದಿನ ಕಾಲೇಜಿಗೆ ಹೋಗಬಹುದು.

ನಾನು ಬಜಾರದಲ್ಲಿ ಕೊಂಡ ಹಳೆಯ ಅಚ್ಚಿನ ಹಾಳೆಯೊಂದರಲ್ಲಿ ವಿಲಾಯತಿ ವಿಶ್ವವಿದ್ಯಾಲಯಗಳ ಮುದ್ರೆಗಳಿವೆ, ಅವ್ವನ ಮಾತಿನಲ್ಲಿ ಶಿಕ್ಕಾಗಳು. ಒಂದರಲ್ಲಿ ಪುಸ್ತಕ ಹಿಡಿದು ಕುಳಿತ ಹೆಂಗಸು. 'ಕಾಲೇಜು ಗಂಡಸರಿಗೆ' ಎನ್ನುತ್ತಿದ್ದ ಅವ್ವ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

"ಎಲಾ, ಶಿಕ್ಕಾದಾಗೇ ಹೆಣ್ಮಗಳನ್ನ ಕುಂದ್ರಿಸ್ಯಾರ! ಮತ್ತ ನಮ್ಮ ನೀಲಮ್ಮಗ ಬ್ಯಾಡ ಅಂದವರು ಯಾರು?"

ಆ ಹೆಂಗಸು ವಿದ್ಯೆಯ ಸಂಕೇತವಷ್ಟೇ; ಮುದ್ರೆ ಕೆತ್ತಿದ ಕಾಲಕ್ಕೆ ಅಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದನ್ನು ಅವ್ವನಿಗೆ ಹೇಳದೆ ಈ ಕಾಗದ ಬರೆಯಲು ಕೂತೆ. ಸರಿಯೋ ತಪ್ಪೋ, ಇನ್ನೂ ಯೋಚಿಸುತ್ತಿದ್ದೇನೆ.

ನೀನು ಮಾತ್ರ ತಡಮಾಡದೆ ಸೋಮವಾರವೇ ಕಮಲಾಪುರದಿಂದ ಅವಳನ್ನು ಕರೆದುಕೊಂಡು ಬಾ. ಅವ್ವನಿಗೆ ಕೆಂಪು ಬಾಳೆಹಣ್ಣು ಮರೆಯಬೇಡ. ಮುದ್ರೆಯ ನಿಜವನ್ನು ನೀಲಮ್ಮನೇ ಓದಿ ಬಂದು ಅಜ್ಜಿಗೆ ಹೇಳಲಿ.

ನಿನ್ನ ತಂಗಿ,
ಶಿವಕಾಂತಮ್ಮ