ಅವಿಭಾಜ್ಯ ಸಂಖ್ಯೆಗೆ ಆಯುಧಪೂಜೆ

ಸನ್ನಿವೇಲ್, ಅಮೆರಿಕ, ಬೆಳಗಿನ ಜಾವ ಮೂರು ಗಂಟೆ

ಅತ್ತೆ,

ಮಗು ಗಾರ್ಗಿಯ ಅಳು ಕೇಳಿ ಎಚ್ಚರವಾಯಿತು. ಇಪ್ಪತ್ತು ದಿನದಿಂದ ಭರ್ ಎನ್ನುತ್ತಿದ್ದ ಕಂಪ್ಯೂಟರೇ ಅವಳಿಗೆ ಜೋಗುಳ. ನಾಲ್ಕು ಕೋಟಿ ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯವೇ ಎಂದು ನಿಮ್ಮ ಮಗ ಅದರಲ್ಲಿ ಪರೀಕ್ಷಿಸುತ್ತಿದ್ದರು. “ಒಂದು ಮತ್ತೆ ತಾನು ಬಿಟ್ರೆ ಇನ್ಯಾವ ಸಂಖ್ಯೆಗೂ ಬಗ್ಗಲ್ಲ ಕಣೇ, ಥೇಟ್ ನಮ್ಮಮ್ಮ!” ಎನ್ನುತ್ತಿದ್ದರು. ಇವತ್ತು ಉತ್ತರ ಬರಬೇಕಿತ್ತು. ಆಯುಧಪೂಜೆಗೆ ಆಯುಧಗಳಿಗೆ ವಿಶ್ರಾಂತಿ ಕೊಡಬೇಕೆಂದು ನೀವು ಹೇಳಿದ್ದಿರಲ್ಲ, ರಾತ್ರಿ ಕಂಪ್ಯೂಟರಿಗೆ ಕುಂಕುಮವಿಟ್ಟು ಪ್ಲಗ್ಗು ಕಿತ್ತೆ. ಲೆಕ್ಕ ಉಳಿದಿದೆಯೋ, ಮೊದಲಿನಿಂದ ಶುರುವೋ, ಗೊತ್ತಿಲ್ಲ. ಮಗುವಿನ ಜ್ವರ ಇಳಿದಿದೆ, ನನಗೆ ಏರುತ್ತಿದೆ. ಈ ಕಾರ್ಡು ನಿಮಗೆ ತಲುಪುವಷ್ಟರಲ್ಲಿ ದೀಪಾವಳಿ ಬಂದಿರುತ್ತದೆ, ಅದಕ್ಕೇ ಫೋಟೋ ತೆಗೆದು ವಾಟ್ಸಾಪಿಗೂ ಹಾಕುತ್ತೇನೆ. ಅವರು ಎದ್ದು ಕಂಪ್ಯೂಟರ್ ನೋಡುವ ಮೊದಲೇ ಅವರಿಗೆ ಫೋನ್ ಮಾಡಿ, ನೀವೇ ಮಾಡಿಸಿದ್ದೆಂದು ಹೇಳಿಬಿಡಿ, ದಮ್ಮಯ್ಯ!

ನಿಹಾರಿಕಾ